ಆ ಸ್ಟಾರ್ ಹೊಡೆಯುವ ಮೊದಲು

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಕೇಬಲ್ ಟಿವಿಯಿಂದ ಇಂಟರ್‌ನೆಟ್‌ಗೆ ಬಂದ ಸಣ್ಣ ಆಪರೇಟರ್‌ಗಳ ರೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಸ್ವಂತ ಎಎಸ್ ನಂಬರ್ (ಇಂಟರ್‌ನೆಟ್‌ನಲ್ಲಿ ಒಂದು ಜಾಲದ ಗುರುತಿನ ಸಂಖ್ಯೆ) ತಗೊಂಡು, ಎರಡು ಕಡೆಯಿಂದ ಅಪ್‌ಸ್ಟ್ರೀಮ್ (ನಮಗೆ ಇಂಟರ್‌ನೆಟ್ ಕೊಡುವ ದೊಡ್ಡ ಕಂಪನಿಯ ಲಿಂಕ್) ಹಾಕಿಸಿಕೊಂಡು ಬಿಜಿಪಿ (ಯಾವ ವಿಳಾಸಕ್ಕೆ ಯಾವ ದಾರಿ ಅಂತ ಜಾಲಗಳು ಒಂದಕ್ಕೊಂದು ಹೇಳಿಕೊಳ್ಳುವ ಪದ್ಧತಿ) ನಡೆಸುವ ಹುಡುಗರು ಈಗ ನಮ್ಮೂರಲ್ಲೇ ಇದ್ದಾರೆ. ನನಗೆ ಅದು ಹೆಮ್ಮೆ. ಆದರೆ ಒಂದು ಚಾಳಿ ಮಾತ್ರ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಏನೇ ತೊಂದರೆ ಬರಲಿ, ಮೊದಲು ಹೊಡೆಯುವುದು ‘ಕ್ಲಿಯರ್ ಐಪಿ ಬಿಜಿಪಿ ಸ್ಟಾರ್’ (clear ip bgp *), ಅಂದರೆ ರೂಟರಿನ ಬಿಜಿಪಿ ಸಂಪರ್ಕಗಳನ್ನೆಲ್ಲ ಕಡಿದು ಮತ್ತೆ ಶುರುಮಾಡಿಸುವ ಕಮಾಂಡ್.

ಈಚೆಗೆ ಒಬ್ಬ ಹುಡುಗ ಸಂಜೆ ಏಳರ ಹೊತ್ತಿಗೆ ಫೋನ್ ಮಾಡಿದ. ಹೊಸ ಗ್ರಾಹಕರಿಗೆ ಅಂತ ಒಂದು ಹೊಸ ಸ್ಲ್ಯಾಶ್ 24 (256 ಐಪಿ ವಿಳಾಸಗಳ ಬ್ಲಾಕ್) ಬಳಕೆಗೆ ತಂದಿದ್ದ. ‘ಅಣ್ಣಾ, ಪ್ರಿಫಿಕ್ಸ್ ಲಿಸ್ಟಿಗೆ ಸೇರಿಸಿದೀನಿ, ಹೊರಗೆ ಕಾಣ್ತಿಲ್ಲ. ಕ್ಲಿಯರ್ ಹೊಡ್ದೆ, ಆಗ್ಲಿಲ್ಲ. ಮತ್ತೆ ಹೊಡ್ದೆ. ಈಗ ಎಲ್ಲರೂ ಫೋನ್ ಮಾಡ್ತಿದಾರೆ.’ ಪ್ರಿಫಿಕ್ಸ್ ಲಿಸ್ಟ್ ಅಂದರೆ ಯಾವ ಬ್ಲಾಕ್ ಬಿಡಬೇಕು, ಯಾವುದು ಬಿಡಬಾರದು ಅನ್ನುವ ಫಿಲ್ಟರ್ ಪಟ್ಟಿ. ನೈಬರ್‌ಗಳ, ಅಂದರೆ ನಮ್ಮ ರೂಟರ್ ಜೊತೆ ಬಿಜಿಪಿ ಮಾತಾಡುವ ಆ ಕಡೆಯ ರೂಟರ್‌ಗಳ, ಸಮ್ಮರಿ ತೆಗೆಸಿದೆ. ಸಂಪರ್ಕ ಎದ್ದು ಎಷ್ಟು ಹೊತ್ತಾಯಿತು ಅಂತ ತೋರಿಸುವ ಅಪ್‌ಡೌನ್ ಕಾಲಂನಲ್ಲಿ ವಾರಗಟ್ಟಲೆ ಇರಬೇಕಾದ ಜಾಗದಲ್ಲಿ ಎರಡೂ ನೈಬರ್‌ಗಳಿಗೆ 00:01:34.

ಸ್ಟಾರ್ ಅಂದರೆ ಎಲ್ಲ ನೈಬರ್‌ಗಳೂ. ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರಾಗಬೇಡಿ. ಆ ಒಂದು ಗುರುತಿಗೆ ಬಿಜಿಪಿ ಬಳಸುವ ಟಿಸಿಪಿ ಪೋರ್ಟ್ 179ರ ಮೇಲಿದ್ದ ಪ್ರತಿ ಸೆಷನ್ನೂ (ಸಂಪರ್ಕವೂ) ಕಡಿಯುತ್ತದೆ. ಎರಡು ಅಪ್‌ಸ್ಟ್ರೀಮ್ ಇಟ್ಟುಕೊಂಡದ್ದೇ ಒಂದು ಬಿದ್ದರೆ ಇನ್ನೊಂದು ಇರಲಿ ಅಂತ ಅಲ್ವಾ? ಎರಡನ್ನೂ ನೀವೇ ಒಟ್ಟಿಗೆ ಬೀಳಿಸುತ್ತೀರಿ. ಅವರು ಕೊಟ್ಟ ದಾರಿಗಳೆಲ್ಲ ನಿಮ್ಮ ಟೇಬಲ್‌ನಿಂದ ಹೋಗುತ್ತವೆ. ನಿಮ್ಮ ಬ್ಲಾಕ್‌ಗಳನ್ನು ಅವರು ವಾಪಸ್ ತೆಗೆಯುತ್ತಾರೆ, ಆ ಸುದ್ದಿ ಅವರಿಂದ ಮುಂದಿನವರಿಗೆ, ಅಲ್ಲಿಂದ ಇನ್ನೂ ಮುಂದಕ್ಕೆ ಹೋಗುತ್ತದೆ. ಸೆಷನ್ ಬೇಗ ಎದ್ದರೂ ಜಗತ್ತಿನ ಎಲ್ಲ ಮೂಲೆಗೂ ನೀವು ಮತ್ತೆ ಕಾಣಲು ನಿಮಿಷಗಳೇ ಬೇಕಾಗಬಹುದು. ಪೂರ್ತಿ ಟೇಬಲ್ ತಗೊಳ್ಳುವವರಾದರೆ ಐಪಿವಿ4 ಒಂದರಲ್ಲೇ ಒಂಬತ್ತು ಲಕ್ಷಕ್ಕಿಂತ ಜಾಸ್ತಿ ರೂಟ್‌ಗಳು ಮತ್ತೆ ಬರಬೇಕು, ಹಳೆಯ ರೂಟರಿನ ಸಿಪಿಯು ಏದುಸಿರು ಬಿಡುತ್ತದೆ. ಒಂದು ಮನೆಯ ನಲ್ಲಿ ರಿಪೇರಿಗೆ ಇಡೀ ಬಡಾವಣೆಯ ನೀರು ನಿಲ್ಲಿಸಿದ ಹಾಗೆ. ಅಷ್ಟು ಹೊತ್ತು ಅಂಗಡಿಯವರ ಯುಪಿಐ ನಿಂತಿರುತ್ತದೆ, ಯಾರದೋ ಮಗಳ ಆನ್‌ಲೈನ್ ಇಂಟರ್‌ವ್ಯೂ ಅರ್ಧಕ್ಕೆ ಕಡಿದಿರುತ್ತದೆ. ನನಗೆ ಸಂಕಟ ಆಗುವುದು ಅದಕ್ಕೇ.

ಫಿಲ್ಟರ್ ಬದಲಿಸಿದಾಗ ಸೆಷನ್ ಕಡಿಯುವ ಅಗತ್ಯವೇ ಇಲ್ಲ. ರೂಟ್ ರಿಫ್ರೆಶ್ ಅನ್ನುವ ಸೌಲಭ್ಯ 2000ದಲ್ಲೇ ಆರ್‌ಎಫ್‌ಸಿ 2918 ಅನ್ನುವ ಇಂಟರ್‌ನೆಟ್ ಮಾನದಂಡದ ದಾಖಲೆಯಾಗಿ ಬಂದಿದೆ. ಒಳಬರುವ ಫಿಲ್ಟರ್ ಬದಲಿಸಿದರೆ ‘ಕ್ಲಿಯರ್ ಐಪಿ ಬಿಜಿಪಿ 192.0.2.1 ಸಾಫ್ಟ್ ಇನ್’ (192.0.2.1 ಜಾಗದಲ್ಲಿ ನಿಮ್ಮ ನೈಬರ್‌ನ ವಿಳಾಸ). ಆ ನೈಬರ್ ತನ್ನ ರೂಟ್‌ಗಳನ್ನು ಇನ್ನೊಮ್ಮೆ ಕಳಿಸುತ್ತದೆ, ಸೆಷನ್ ಹಾಗೇ ಇರುತ್ತದೆ. ಹೊರಹೋಗುವ ಲಿಸ್ಟ್ ಬದಲಿಸಿದರೆ ಕೊನೆಯಲ್ಲಿ ‘ಔಟ್’. ಬರೀ ವಿಳಾಸ ಬರೆದು ಮುಂದಿನ ಪದಗಳನ್ನು ಮರೆತರೆ ಆ ಸೆಷನ್ ಬೀಳುತ್ತದೆ, ಜೋಪಾನ. ಬರ್ಡ್ ಅನ್ನುವ ರೂಟಿಂಗ್ ಸಾಫ್ಟ್‌ವೇರ್‌ನಲ್ಲಿ ಬೇಕಾದದ್ದು ‘ರಿಲೋಡ್ ಇನ್’, ‘ರಿಸ್ಟಾರ್ಟ್’ ಅಲ್ಲ. ಮೈಕ್ರೊಟಿಕ್ ರೂಟರ್‌ಗಳಲ್ಲಿ ‘ರಿಫ್ರೆಶ್’ ಮತ್ತು ‘ರಿಸೆಂಡ್’ ಇವೆ. ವರ್ಷನ್ ಬದಲಾದಂತೆ ಪದ, ಜಾಗ ಬದಲಾಗಬಹುದು, ಒತ್ತುವ ಮೊದಲು ನಿಮ್ಮ ಡಬ್ಬಿಯಲ್ಲೇ ಹೆಲ್ಪ್ ನೋಡಿಕೊಳ್ಳಿ. ಆ ಕಡೆಯವರಿಗೆ ರಿಫ್ರೆಶ್ ಬರುತ್ತದೋ ಇಲ್ಲವೋ ಅನ್ನುವುದು ‘ಶೋ ಐಪಿ ಬಿಜಿಪಿ ನೈಬರ್ಸ್’ ಹೊಡೆದರೆ ಕೇಪಬಿಲಿಟಿ (ಆ ರೂಟರ್‌ಗೆ ಏನೇನು ಸೌಲಭ್ಯ ಬರುತ್ತದೆ ಅನ್ನುವ) ಸಾಲಿನಲ್ಲಿ ಕಾಣುತ್ತದೆ.

ಆ ಹುಡುಗನಿಗೆ ಬೇಕಾಗಿದ್ದದ್ದು ಇನ್ನೂ ಸಣ್ಣದು. ‘ಅಡ್ವರ್ಟೈಸ್ಡ್ ರೂಟ್ಸ್ ಹೊಡೆಯಪ್ಪ’ ಅಂದೆ. ನಾವು ನೈಬರ್‌ಗೆ ಹೇಳುತ್ತಿರುವ ಬ್ಲಾಕ್‌ಗಳ ಪಟ್ಟಿ ತೋರಿಸುವ ಕಮಾಂಡ್ ಅದು. ಹೊಸ ಬ್ಲಾಕ್ ಪಟ್ಟಿಯಲ್ಲಿತ್ತು. ಅಂದರೆ ನಮ್ಮ ಕಡೆಯಿಂದ ಹೋಗುತ್ತಿದೆ, ತಡೆದಿರುವುದು ಅಪ್‌ಸ್ಟ್ರೀಮ್‌ನವರ ಫಿಲ್ಟರ್. ನಾವು ಇಲ್ಲಿ ಎಷ್ಟು ಕ್ಲಿಯರ್ ಹೊಡೆದರೂ ಅವರ ಫಿಲ್ಟರ್ ಬದಲಾಗುವುದಿಲ್ಲ. ಅವರಿಗೆ ಮೇಲ್ ಕಳಿಸಿದ ಮೇಲೆ ಬ್ಲಾಕ್ ಹೊರಗೆ ಬಂತು.

ಪೂರ್ತಿ ಕಡಿಯಬೇಕಾದ ಸಂದರ್ಭವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮ್ಯಾಕ್ಸಿಮಮ್ ಪ್ರಿಫಿಕ್ಸ್ (ಒಂದು ನೈಬರ್‌ನಿಂದ ಎಷ್ಟು ರೂಟ್ ತಗೊಳ್ಳಬಹುದು ಅನ್ನುವ) ಮಿತಿ ದಾಟಿ ಸೆಷನ್ ಬಿದ್ದುಕೊಂಡಿದ್ದರೆ, ಕಾರಣ ತಿಳಿದ ಮೇಲೆ ಕ್ಲಿಯರ್ ಬೇಕಾಗುತ್ತದೆ. ಎರಡೂ ಕಡೆ ಹೊಸ ಕೇಪಬಿಲಿಟಿ ಹಾಕಿದರೂ ಬೇಕು, ಅದು ಸೆಷನ್ ಶುರುವಾಗುವಾಗಲೇ ಮಾತಾಗುವ ವಿಷಯ. ಆಗಲೂ ಒಂದೇ ನೈಬರ್‌ನ ವಿಳಾಸ ಬರೆಯಿರಿ, ಇನ್ನೊಂದು ಲಿಂಕ್ ಗಟ್ಟಿಯಾಗಿದೆಯಾ ನೋಡಿ, ನಸುಕಿನಲ್ಲಿ ಮಾಡಿ.

ಇನ್ನು ಅಪ್‌ಸ್ಟ್ರೀಮ್‌ನವರಿಗೆ ಬರೆಯುವಾಗ ‘ನೆಟ್ ಬರ್ತಿಲ್ಲ’ ಅಂತ ಸುಮ್ನೆ ಬರೆಯಬೇಡಿ. ನಿಮ್ಮ ಎಎಸ್ ನಂಬರ್, ಎರಡೂ ಕಡೆಯ ಪೀರ್ ವಿಳಾಸ, ಹೊಸ ಬ್ಲಾಕ್, ಅದಕ್ಕೆ ಆರ್‌ಒಎ (ಆ ಬ್ಲಾಕನ್ನು ನಿಮ್ಮ ಎಎಸ್ ಹೊರಗೆ ಹೇಳಬಹುದು ಅನ್ನುವ ಡಿಜಿಟಲ್ ಸಹಿಯ ದಾಖಲೆ) ಮಾಡಿಸಿದ್ದೀರೋ ಇಲ್ಲವೋ, ಅಡ್ವರ್ಟೈಸ್ಡ್ ರೂಟ್ಸ್‌ನ ಆ ಒಂದು ಸಾಲು, ಇಷ್ಟು ಹಾಕಿ. ಮೊದಲ ಉತ್ತರದಲ್ಲೇ ಅವರು ‘ವಿವರ ಕಳಿಸಿ’ ಅನ್ನುವುದು ತಪ್ಪುತ್ತದೆ.