ಟ್ರ್ಯಾಕ್ ಡೇಗೆ ಟೈರ್ ತಗೊಳ್ಳೋ ಮುಂಚೆ: ನಾನು ಬರೆದಿಟ್ಕೊಂಡಿರೋ ನೋಟ್ಸ್

ಟ್ರ್ಯಾಕ್ ಡೇ ಅಂದ್ರೆ ನಮ್ಮ ಬೈಕನ್ನೇ ರೇಸ್ ಟ್ರ್ಯಾಕ್‌ಗೆ ತಗೊಂಡ್ಹೋಗಿ ಓಡಿಸೋ ದಿನ. ಮೊದಲ ಟ್ರ್ಯಾಕ್ ಡೇಗೆ ಹೆಸರು ಕೊಟ್ಟ ತಕ್ಷಣ ಸುಮಾರು ಜನ ಕೇಳೋದು ಒಂದೇ ಪ್ರಶ್ನೆ, ನಾನೂ ಅದನ್ನೇ ಕೇಳಿದ್ದೆ: ನನ್ನ ಗಾಡಿ ಸೈಜ್‌ಗೆ ಸಿಗೋದ್ರಲ್ಲಿ ಅತಿ ಸಾಫ್ಟ್ ಟೈರು ಯಾವುದು ಅಂತ. ಸಾಫ್ಟ್ ಅಂದ್ರೆ ಜಾಸ್ತಿ ಗ್ರಿಪ್, ಜಾಸ್ತಿ ಗ್ರಿಪ್ ಅಂದ್ರೆ ಬೀಳಲ್ಲ, ಇಷ್ಟೇ ನಮ್ಮ ಲೆಕ್ಕ. ಈ ಲೆಕ್ಕದಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ, ಅದು ಬಿಸಿ. ಟೈರಿನ ಗ್ರಿಪ್ ಅದರ ಹೆಸರಲ್ಲೂ ಇಲ್ಲ ಬೆಲೆಯಲ್ಲೂ ಇಲ್ಲ, ಆ ರಬ್ಬರ್ ಕೆಲಸ ಮಾಡೋ ಬಿಸಿಗೆ ನಾವು ಅದನ್ನ ತಲುಪಿಸಿ ಅಲ್ಲೇ ಇಟ್ಕೋತೀವಾ ಅನ್ನೋದ್ರಲ್ಲಿದೆ. ಆದ್ದರಿಂದ ಈಗ ನಾನು ಕೇಳ್ಕೊಳ್ಳೋ ಪ್ರಶ್ನೆನೇ ಬೇರೆ: ನನ್ನ ಗಾಡಿಲಿ, ನನ್ನ ಸ್ಪೀಡಲ್ಲಿ, ಯಾವ ಟೈರನ್ನ ನಾನು ಬಿಸಿ ಮಾಡಬಲ್ಲೆ?

ಇದು ಅರ್ಥ ಆಗ್ಬೇಕು ಅಂದ್ರೆ ರಬ್ಬರ್ ಹೇಗೆ ಹಿಡ್ಕೊಳ್ಳತ್ತೆ ಅಂತ ಸ್ವಲ್ಪ ನೋಡ್ಬೇಕು. ಡಾಂಬರು ನಮ್ಮ ಕಣ್ಣಿಗೆ ಸಪಾಟಾಗಿ ಕಂಡ್ರೂ ಹತ್ತಿರದಿಂದ ನೋಡಿದ್ರೆ ಪೂರ್ತಿ ಜಲ್ಲಿ ಮೊನೆಗಳು. ಬೆಚ್ಚಗಿರೋ ರಬ್ಬರ್ ಚೆನ್ನಾಗಿ ನಾದಿದ ಚಪಾತಿ ಹಿಟ್ಟಿನ ಥರ ಆ ಮೊನೆಗಳ ಮಧ್ಯ ಇಳಿದು ಕಚ್ಕೊಳ್ಳತ್ತೆ, ಜೊತೆಗೆ ಮೇಲ್ಮೈ ಮೇಲೆ ಸ್ವಲ್ಪ ಅಂಟ್ಕೊಳ್ಳತ್ತೆ ಕೂಡ. ತಣ್ಣಗಿದ್ರೆ ಅದು ಬಿರುಸಾಗಿ ಮೊನೆಗಳ ತುದಿ ಮೇಲೇ ಕೂತಿರತ್ತೆ, ಇಳಿಯೋದೇ ಇಲ್ಲ. ಈ ಬಿಸಿ ಬರೋದೆಲ್ಲಿಂದ ಅಂದ್ರೆ, ಬಿಸಿಲಿಂದ ಒಂದಷ್ಟು, ಮಿಕ್ಕಿದ್ದು ಟೈರ್ ಒಳಗಿಂದಾನೇ. ಚಕ್ರದ ಪ್ರತಿ ಸುತ್ತಿಗೂ ರಬ್ಬರ್ ಒತ್ತಿಸ್ಕೊಂಡು ಮತ್ತೆ ಬಿಡಿಸ್ಕೊಳ್ಳತ್ತೆ, ಒತ್ತಿದಾಗ ಕೊಟ್ಟ ಶಕ್ತಿ ಪೂರ್ತಿ ವಾಪಸ್ ಬರಲ್ಲ, ಉಳಿದಿದ್ದು ಬಿಸಿಯಾಗಿ ಅಲ್ಲೇ ಉಳಿಯತ್ತೆ. ಗಟ್ಟಿಯಾಗಿ ಬ್ರೇಕ್ ಹಿಡಿದ್ರೆ, ಕಾರ್ನರ್‌ನಿಂದ ಆಚೆ ಬರ್ತಾ ಚೆನ್ನಾಗಿ ಥ್ರಾಟಲ್ ಕೊಟ್ರೆ, ತಿರುವಲ್ಲಿ ಗಾಡಿ ಮಲಗಿಸಿದ್ರೆ, ಅಂದ್ರೆ ಒಂದು ಪಕ್ಕಕ್ಕೆ ವಾಲಿಸಿದ್ರೆ, ಆಗ ರಬ್ಬರ್ ಜಾಸ್ತಿ ಹಿಸುಕಿಸ್ಕೊಂಡು ಜಾಸ್ತಿ ಬಿಸಿ ಆಗತ್ತೆ. ಅಂದ್ರೆ ವೇಗದ ರೈಡರ್ ಟೈರ್ ಬಿಸಿ ಮಾಡ್ತಾನೆ, ಹೊಸಬ ಮಾಡಲ್ಲ. ಗಾಡಿ ತೂಕ, ಪವರ್ ಎರಡೂ ಕಮ್ಮಿ ಇದ್ರೆ ಇನ್ನೂ ಕಷ್ಟ, ನಮ್ಮಲ್ಲಿ ಟ್ರ್ಯಾಕ್‌ಗೆ ಬರೋ ಗಾಡಿಗಳು ಹೆಚ್ಚಾಗಿ ಯಮಹಾ ಆರ್15, ಕೆಟಿಎಂ ಆರ್‌ಸಿ 390, ಟಿವಿಎಸ್ ಅಪಾಚೆ ಆರ್‌ಆರ್ 310 ಇಂಥವೇ.

ರೇಸ್ ಕಾಂಪೌಂಡ್, ಅಂದ್ರೆ ರೇಸ್‌ಗೆ ಅಂತ ಬೆರೆಸಿದ ರಬ್ಬರ್, ಮಾಡಿರೋದೇ ಜಾಸ್ತಿ ಬಿಸಿಯಲ್ಲಿ ಕೆಲಸ ಮಾಡೋಕೆ. ರೇಸ್‌ಗಳಲ್ಲಿ ಟೈರಿಗೆ ಕಂಬಳಿ ಸುತ್ತಿರೋದು ನೋಡಿರ್ತೀರ, ಅದು ವಾರ್ಮರ್, ಸಾಮಾನ್ಯವಾಗಿ 80 ಡಿಗ್ರಿ ಆಸುಪಾಸಿಗೆ ಇಟ್ಟಿರ್ತಾರೆ, ಅಂದ್ರೆ ಪಿಟ್ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸೋ ಜಾಗ) ಬಿಡೋವಾಗ್ಲೇ ಟೈರು ಕುದಿಯೋ ಚಹಾಕ್ಕಿಂತ ಸ್ವಲ್ಪ ಕಮ್ಮಿ ಬಿಸಿ. ವಾರ್ಮರ್ ಇಲ್ದೆ, ಮಧ್ಯಮ ಸ್ಪೀಡಲ್ಲಿ ಓಡಿಸೋ ನಾವು ಅದೇ ಟೈರ್ ಹಾಕಿದ್ರೆ ಇಡೀ ಸೆಷನ್, ಅಂದ್ರೆ ಟ್ರ್ಯಾಕ್ ಮೇಲಿನ ಒಂದು ಸರದಿ ಪೂರ್ತಿ, ಅದು ಅರೆಬೆಂದ ಸ್ಥಿತಿಯಲ್ಲೇ ಇರತ್ತೆ, ಆ ಸ್ಥಿತಿಯಲ್ಲಿ ಒಳ್ಳೆ ರೋಡ್ ಟೈರ್ ಅದಕ್ಕಿಂತ ಜಾಸ್ತಿ ಗ್ರಿಪ್ ಕೊಡತ್ತೆ. ರೋಡ್ ಟೈರಿನ ರಬ್ಬರಲ್ಲಿ ಸಿಲಿಕಾ ಬೆರೆಸಿರ್ತಾರೆ, ಅದರಿಂದ ತಣ್ಣಗಿದ್ದಾಗ್ಲೂ ಮಳೆಯಲ್ಲೂ ಮೆದು ಉಳಿಯತ್ತೆ. ಈ ಒಂದು ಪ್ಯಾರಾ ನನಗೆ ಆರು ವರ್ಷ ಹಿಂದೆ ಯಾರಾದ್ರೂ ಕೂರಿಸಿ ಹೇಳಿದ್ರೆ ನನ್ನ ಮೊಣಕೈ ಉಳೀತಿತ್ತು.

ಆಗಿದ್ದು ಹೀಗೆ. ಪರಿಚಯದವರೊಬ್ಬರು ರೇಸ್ ಗಾಡಿಯಿಂದ ಬಿಚ್ಚಿದ ಒಂದು ಜೊತೆ ಟೈರ್ ಕಮ್ಮಿ ದುಡ್ಡಿಗೆ ಕೊಟ್ರು, ಗೀಟು (ಟೈರ್ ಮೇಲೆ ಕೊರೆದಿರೋ ಗೆರೆಗಳು) ಇನ್ನೂ ಚೆನ್ನಾಗೇ ಇತ್ತು, ಬೆರಳಲ್ಲಿ ಒತ್ತಿದ್ರೆ ಮೆತ್ತಗೂ ಅನ್ನಿಸ್ತು, ನಾನು ಖುಷಿಯಾಗಿ ನನ್ನ 390ಗೆ ಹಾಕಿಸ್ಕೊಂಡು ಡಿಸೆಂಬರ್ ತಿಂಗಳಲ್ಲಿ ಬೆಂಗಳೂರಿಂದ ಇರುಂಗಾಟ್ಟುಕೋಟ್ಟೈಗೆ ಹೋದೆ. ಶ್ರೀಪೆರಂಬದೂರು ಹತ್ತಿರದ ಆ ಟ್ರ್ಯಾಕ್‌ನ ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅಂತಾರೆ, ನಮ್ಮ ಬಾಯಲ್ಲಿ ಇನ್ನೂ ಹಳೇ ಹೆಸರು ಎಂಎಂಆರ್‌ಟಿ (ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್), 3.717 ಕಿಲೋಮೀಟರ್, 12 ತಿರುವು. ಬೆಳಿಗ್ಗೆ ಮೊದಲ ಸೆಷನ್, ಎರಡನೇ ಲ್ಯಾಪ್, ಗಾಡಿ ಅಷ್ಟೇನೂ ಮಲಗಿಸಿರಲಿಲ್ಲ, ಸುಮ್ನೆ ಥ್ರಾಟಲ್ ತೆಗೆದೆ, ಹಿಂದಿನ ಚಕ್ರ ಒಂದು ಮಾತೂ ಹೇಳದೆ ಪಕ್ಕಕ್ಕೆ ಹೋಯ್ತು. ಗಾಡಿ ಪಿಟ್‌ಗೆ ತಂದ ಮೇಲೆ ಇನ್‌ಸ್ಟ್ರಕ್ಟರ್ ಟೈರ್ ಮೇಲೆ ಅಂಗೈ ಇಟ್ರು, ನನ್ನ ಕೈಯನ್ನೂ ಹಿಡಿದು ಅಲ್ಲಿ ಇಟ್ರು. ಉಗುರು ಬೆಚ್ಚಗೂ ಇರಲಿಲ್ಲ. ಆಮೇಲೆ ಟೈರಿನ ಪಕ್ಕದ ಗೋಡೆ (ಸೈಡ್‌ವಾಲ್) ಮೇಲಿನ ತಾರೀಖು ತೋರಿಸಿದ್ರು, ಟೈರು ತಯಾರಾಗಿ ಆರು ವರ್ಷ ಆಗಿತ್ತು, ಅದೆಷ್ಟು ಸಲ ಬಿಸಿಯಾಗಿ ತಣ್ಣಗಾಗಿತ್ತೋ. ಹೀಗೆ ಪೂರ್ತಿ ಬಿಸಿಯಾಗಿ ಪೂರ್ತಿ ಆರೋದನ್ನ ಹೀಟ್ ಸೈಕಲ್ ಅಂತಾರೆ, ರೇಸ್ ರಬ್ಬರ್ ಪ್ರತಿ ಸೈಕಲ್‌ಗೂ ಒಂದಿಷ್ಟು ಗಟ್ಟಿಯಾಗ್ತಾ ಹೋಗತ್ತೆ, ಗೀಟು ಉಳಿದಿದೆ ಅಂದ ಮಾತ್ರಕ್ಕೆ ಗ್ರಿಪ್ ಉಳಿದಿದೆ ಅಂತ ಅಲ್ಲ.

ಆ ತಾರೀಖು ಓದೋದು ಸುಲಭ, ಯಾರು ಬೇಕಾದ್ರೂ ಅಂಗಡಿಯಲ್ಲೇ ನೋಡ್ಬಹುದು. ಡಿಒಟಿ ಅಂತ ಶುರುವಾಗೋ ಸಾಲಿನ ಕೊನೇಲಿ ನಾಲ್ಕು ಅಂಕಿ ಇರತ್ತೆ, 4824 ಅಂದ್ರೆ 2024ರ 48ನೇ ವಾರ. ಒಂದು ಪಕ್ಕದಲ್ಲಿ ಇಲ್ದಿದ್ರೆ ಇನ್ನೊಂದು ಪಕ್ಕ ತಿರುಗಿಸಿ ನೋಡಿ. ಬೆಂಗಳೂರಿನ ಜೆಸಿ ರೋಡಲ್ಲಿ ಟೈರ್ ತಗೊಳ್ಳೋವಾಗ ನಾನು ಬೆಲೆ ಕೇಳೋಕೆ ಮುಂಚೆ "ಅಣ್ಣಾ, ಸ್ವಲ್ಪ ಟೈರ್ ಕೊಡಿ, ಡೇಟ್ ನೋಡ್ತೀನಿ" ಅಂತೀನಿ, ಒಳ್ಳೆ ಅಂಗಡಿಯವರು ಬೇಜಾರು ಮಾಡ್ಕೊಳ್ಳಲ್ಲ, ಅವರೇ ತಿರುಗಿಸಿ ತೋರಿಸ್ತಾರೆ.

ಅದೇ ಗೋಡೆ ಮೇಲೆ ಉಳಿದಿದ್ದನ್ನೂ ಓದ್ಕೊಳ್ಳೋಣ. 150/60 ಆರ್17 66ಡಬ್ಲ್ಯೂ ಅಂತ ಇದ್ರೆ, 150 ಮಿಲಿಮೀಟರ್ ಅಗಲ, ಎತ್ತರ ಅದರ ಶೇಕಡಾ 60 ಅಂದ್ರೆ 90 ಮಿಲಿಮೀಟರ್, ರೇಡಿಯಲ್, 17 ಇಂಚಿನ ರಿಮ್, 66 ಅಂದ್ರೆ 300 ಕೆಜಿ ಹೊರತ್ತೆ, ಡಬ್ಲ್ಯೂ ಅಂದ್ರೆ 270 ಕಿಲೋಮೀಟರ್ ವೇಗದವರೆಗೂ ಪರವಾಗಿಲ್ಲ. ಎಚ್ ಆದ್ರೆ 210, ಎಸ್ ಆದ್ರೆ 180, ಪಿ ಆದ್ರೆ 150. ನಮ್ಮ ಚಿಕ್ಕ ಗಾಡಿ 270 ಹೋಗಲ್ವಲ್ಲ ಅಂತ ಅನ್ನಿಸ್ಬಹುದು, ಆದ್ರೆ ವೇಗದ ಅಕ್ಷರ ಬಿಸಿ ತಡೆಯೋ ಶಕ್ತಿಯನ್ನೂ ಹೇಳತ್ತೆ, ಲ್ಯಾಪ್ ಮೇಲೆ ಲ್ಯಾಪ್ ಹೊಡೆಯೋವಾಗ ಅದು ಉಪಯೋಗಕ್ಕೆ ಬರತ್ತೆ. ಆರ್ ಇಲ್ದೆ ಬರೀ ಗೆರೆ ಇದ್ರೆ ಬಯಾಸ್ ಟೈರು, ಅದರ ಒಳಗಿನ ದಾರದ ಪದರಗಳು ಓರೆಯಾಗಿ ಒಂದರ ಮೇಲೊಂದು ಹೆಣ್ಕೊಂಡಿರತ್ತೆ, ಪದರ ಪದರ ಉಜ್ಜಿ ಒಳಗೆ ಬೇಗ ಬಿಸಿ ಕೂಡಿಹಾಕ್ಕೊಳ್ಳತ್ತೆ. ರೇಡಿಯಲ್‌ನಲ್ಲಿ ದಾರ ಅಡ್ಡಡ್ಡ ಹೋಗಿ ಮೇಲೊಂದು ಬೆಲ್ಟ್ ಇರತ್ತೆ, ಪಕ್ಕದ ಗೋಡೆ ಬಳುಕತ್ತೆ, ಮೇಲ್ಮೈ ಸ್ಥಿರವಾಗಿರತ್ತೆ, ಟ್ರ್ಯಾಕ್‌ನಲ್ಲಿ ಏನಾಗ್ತಿದೆ ಅನ್ನೋದು ಕೈಗೂ ಸೊಂಟಕ್ಕೂ ಚೆನ್ನಾಗಿ ಗೊತ್ತಾಗತ್ತೆ. ನಿಮ್ಮ ಸೈಜಲ್ಲಿ ರೇಡಿಯಲ್ ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಹಿಂದೆ ಒಂಥರ ಮುಂದೆ ಒಂಥರ ಮಾತ್ರ ಬೇಡ, ಒಂದೇ ಮಾಡೆಲ್‌ನ ಜೊತೆ ಹಾಕಿಸಿ.

ದಪ್ಪ ಟೈರಿನ ಆಸೆ ಬಗ್ಗೆ ಒಂದು ಮಾತು. 140 ಇರೋ ಕಡೆ 150, 150 ಇರೋ ಕಡೆ 160 ತುರುಕಿದ್ರೆ ರಿಮ್ ಅಗಲ ಹಾಗೇ ಇರತ್ತಲ್ಲ, ಟೈರಿನ ಎರಡೂ ಅಂಚನ್ನ ಹಿಡಿದು ಹಿಂಡಿದಂಗಾಗಿ ಮಧ್ಯ ಮೇಲೆ ಏಳತ್ತೆ, ಆಕಾರ ಚೂಪಾಗತ್ತೆ. ಕಂಪನಿಯವರು ಲೆಕ್ಕ ಹಾಕಿದ ಗುಂಡಗಿನ ಆಕಾರ ಹೋಗಿ, ಮಲಗಿಸಿದಾಗ ನೆಲಕ್ಕೆ ತಾಗೋ ಅಂಗೈಯಷ್ಟು ಜಾಗಾನೂ ಸರಿಯಾಗಿ ಕೂರಲ್ಲ. ನೋಡೋಕೆ ಚೆನ್ನಾಗಿರತ್ತೆ, ತಿರುಗಿಸೋಕೆ ಭಾರ.

ಈಗ ಯಾವ ದರ್ಜೆ ಟೈರು ಅಂತ. ಕೆಳಗಿಂದ ಮೇಲೆ ಹೋದ್ರೆ ಮೊದಲು ಸ್ಪೋರ್ಟ್ ಟೂರಿಂಗ್, 2020ರ ಬಿಎಸ್6 ಅಪಾಚೆ ಆರ್‌ಆರ್ 310 ಜೊತೆ ಬಂದ ಮಿಶಲಿನ್ ರೋಡ್ 5 ಈ ಜಾತಿ. ಬೇಗ ಬಿಸಿಯಾಗತ್ತೆ, ಮಳೆಗೂ ಸೈ, ಮೊದಲ ಒಂದೆರಡು ಟ್ರ್ಯಾಕ್ ಡೇಗೆ ಇದನ್ನ ಕಿತ್ತುಹಾಕೋ ಅಗತ್ಯಾನೇ ಇಲ್ಲ. ಅದರ ಮೇಲೆ ಸ್ಪೋರ್ಟ್ ರೋಡ್ ಟೈರುಗಳು, ಪಿರೆಲಿ ಡಯಾಬ್ಲೋ ರೊಸ್ಸೋ, ಮೆಟ್ಝೆಲರ್ ಎಂ ಸರಣಿ, ನಮ್ಮ ದೇಶದವರಲ್ಲಿ ಅಪೋಲೋ ಆಲ್ಫಾ ಎಚ್1, ಟಿವಿಎಸ್ ಯೂರೋಗ್ರಿಪ್ ಪ್ರೊಟಾರ್ಕ್ ಎಕ್ಸ್‌ಟ್ರೀಮ್ ಇಂಥವು. ಕಲಿಯೋರಿಗೆ ನಾನು ಹೇಳೋದು ಇದೇ ದರ್ಜೆ. ಎರಡು ಮೂರು ಲ್ಯಾಪಲ್ಲಿ ಕೆಲಸದ ಬಿಸಿಗೆ ಬರತ್ತೆ, ಜಾರೋ ಮುಂಚೆ ಸ್ವಲ್ಪ ಅಲುಗಾಡಿ ಸೂಚನೆ ಕೊಡತ್ತೆ, ಮತ್ತೆ ಅದೇ ಟೈರಲ್ಲಿ ಸುಮಾರು 300 ಕಿಲೋಮೀಟರ್ ಓಡಿಸ್ಕೊಂಡು ಬೆಂಗಳೂರಿಗೆ ವಾಪಸ್ ಬರ್ಬಹುದು. ಅದರ ಮೇಲಿನದು ಪಿರೆಲಿ ಸೂಪರ್‌ಕೋರ್ಸಾ ಥರದ್ದು, ಅದರಲ್ಲೂ ಎಸ್‌ಪಿ ಅಂದ್ರೆ ರೋಡಿಗೂ ಆಗೋದು, ಎಸ್‌ಸಿ ಅಂದ್ರೆ ರೇಸ್‌ಗೆ ಅಂತಾನೇ ಮಾಡಿದ ಕಾಂಪೌಂಡ್, ಹೆಸರು ಒಂದೇ ಇದ್ರೂ ಆ ಎರಡು ಅಕ್ಷರ ನೋಡದೆ ದುಡ್ಡು ಕೊಡ್ಬೇಡಿ. ಕೊನೇದು ಸ್ಲಿಕ್, ಗೀಟೇ ಇಲ್ಲ, ರೋಡಲ್ಲಿ ಓಡಿಸೋ ಹಾಗಿಲ್ಲ, ವಾರ್ಮರ್ ಮತ್ತು ಗಾಡಿ ಹೊತ್ತು ತರೋ ಟೆಂಪೋ ಎರಡೂ ಇರೋರಿಗೆ.

ಟೆಂಪೋ ವಿಷಯ ಯಾಕೆ ಹೇಳ್ದೆ ಅಂದ್ರೆ ಓಡಿಸ್ಕೊಂಡೇ ಹೋಗೋರಿಗೆ ಹೈವೇನೂ ಲೆಕ್ಕಕ್ಕೆ ಬರತ್ತೆ. ಹೊಸೂರು, ಕೃಷ್ಣಗಿರಿ, ವೆಲ್ಲೂರು ಅಂತ ನೆಟ್ಟಗೆ ಓಡಿದ್ರೆ ಹಿಂದಿನ ಟೈರಿನ ಮಧ್ಯ ಮಾತ್ರ ಸವೆದು ಚಪ್ಪಟೆ ಆಗತ್ತೆ, ಮೆತ್ತನೆ ರಬ್ಬರ್ ಆದ್ರೆ ಇನ್ನೂ ಬೇಗ, ಆಮೇಲೆ ಮಲಗಿಸೋವಾಗ ಆ ಚಪ್ಪಟೆಯ ಅಂಚು ದಾಟೋ ಜಾಗದಲ್ಲಿ ಗಾಡಿ ದಡಕ್ಕನೆ ಬಿದ್ದಂಗೆ ಅನ್ನಿಸತ್ತೆ. ಜೊತೆಗೆ ಅಕ್ಟೋಬರಿಂದ ಡಿಸೆಂಬರ್‌ವರೆಗೆ ಚೆನ್ನೈ ಕಡೆ ಮಳೆಗಾಲ. ಒಂದು ಸಲ ರಾಣಿಪೇಟೆ ಹತ್ತಿರ ಸಿಕ್ಕ ಮಳೆಯಲ್ಲಿ ಗೀಟು ಇರೋ ಟೈರಿಗೆ ನಾನು ಕೈ ಮುಗಿದಿದ್ದೀನಿ.

ಇನ್ನು ಗಾಳಿ. ನನ್ನ ಪ್ರಕಾರ ಟೈರ್ ಬ್ರ್ಯಾಂಡ್ ಬಗ್ಗೆ ಮಾಡೋ ಚರ್ಚೆಯ ಅರ್ಧ ಹೊತ್ತು ಗಾಳಿಗೆ ಕೊಟ್ರೆ ಎರಡು ಪಟ್ಟು ಲಾಭ. ಒಂದು ಲೆಕ್ಕ ಮಾಡೋಣ, ಪಿಯುಸಿ ಫಿಸಿಕ್ಸ್ ಸಾಕು. ಬೆಳಿಗ್ಗೆ 30 ಡಿಗ್ರಿಯಲ್ಲಿ ಗೇಜ್ 30 ಪಿಎಸ್‌ಐ ತೋರಿಸ್ತಿದೆ. ಗೇಜ್ ವಾತಾವರಣದ ಒತ್ತಡ ಬಿಟ್ಟು ತೋರಿಸೋದ್ರಿಂದ 14.7 ಸೇರಿಸಿ, 44.7. ಸೆಷನ್ ಮುಗಿಯೋವಾಗ ಒಳಗಿನ ಗಾಳಿ 70 ಡಿಗ್ರಿಗೆ ಬಂತು ಅಂದ್ಕೊಳ್ಳಿ, ಕೆಲ್ವಿನ್‌ನಲ್ಲಿ 303ರಿಂದ 343. 44.7ನ್ನ 343ರಿಂದ ಗುಣಿಸಿ 303ರಿಂದ ಭಾಗಿಸಿದ್ರೆ 50.6, ಅದರಿಂದ 14.7 ಕಳೆದ್ರೆ ಗೇಜಲ್ಲಿ ಹತ್ತತ್ರ 36. ಯಾರೂ ಒಂದು ಚೂರೂ ಗಾಳಿ ತುಂಬದೇನೇ 6 ಪಿಎಸ್‌ಐ ಏರಿತು. ಹಾಗೇ ಬೆಳಿಗ್ಗೆ 25 ಡಿಗ್ರಿಯಲ್ಲಿ 28 ಇಟ್ಟಿದ್ರೆ, ಮಧ್ಯಾಹ್ನ 40 ಡಿಗ್ರಿ ಬಿಸಿಲಲ್ಲಿ ಗಾಡಿ ಸುಮ್ನೆ ನಿಂತಿದ್ರೂ 30 ಆಗಿರತ್ತೆ. ಅದಕ್ಕೇ ಟ್ರ್ಯಾಕ್‌ನಲ್ಲಿ ಹಾಟ್ ಪ್ರೆಷರ್, ಅಂದ್ರೆ ಟೈರ್ ಬಿಸಿ ಇದ್ದಾಗಿನ ಒತ್ತಡ, ಎಷ್ಟು ಅಂತ ಕೇಳೋದು, ಪಿಟ್‌ಗೆ ಬಂದ ತಕ್ಷಣ ಹೆಲ್ಮೆಟ್ ತೆಗೆಯೋ ಮುಂಚೆನೇ ಅಳೀಬೇಕು.

ಗಾಳಿ ಜಾಸ್ತಿ ಇದ್ರೆ ನೆಲಕ್ಕೆ ತಾಗೋ ಜಾಗ ಚಿಕ್ಕದಾಗತ್ತೆ, ಟೈರ್ ಹಿಸುಕಿಸ್ಕೊಳ್ಳೋದೂ ಕಮ್ಮಿ. ತೀರಾ ಕಮ್ಮಿ ಆದ್ರೆ ಜಾಸ್ತಿ ಬಳುಕಿ ಅತಿ ಬಿಸಿಯಾಗಿ ಮೇಲ್ಮೈ ಎಣ್ಣೆ ಹಚ್ಚಿದಂಗೆ ಜಾರೋಕೆ ಶುರು, ಬ್ರೇಕ್ ಹಿಡಿದಾಗ ಮುಂದಿನ ಚಕ್ರ ಮೆತ್ತಮೆತ್ತಗೆ ಅನ್ನಿಸತ್ತೆ. ಸ್ಪೋರ್ಟ್ ರೋಡ್ ಟೈರ್ ಆದ್ರೆ ನಾನು ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಎರಡು ಮೂರು ಪಿಎಸ್‌ಐ ಕಮ್ಮಿಯಿಂದ ಶುರು ಮಾಡಿ, ಪ್ರತಿ ಸೆಷನ್ ಆದ್ಮೇಲೆ ಅಳೆದು, ಒಂದು ಸಲಕ್ಕೆ ಒಂದೇ ಪಿಎಸ್‌ಐ ಬದಲಾಯಿಸ್ತೀನಿ. ರೇಸ್ ಟೈರಿಗೆ ಮಾತ್ರ ಆ ಕಂಪನಿಯ ಚಾರ್ಟೇ ನೋಡ್ಬೇಕು. ಮತ್ತೆ ಗೇಜ್ ಸ್ವಂತದ್ದಿರಲಿ, ಯಾವಾಗ್ಲೂ ಅದೇ ಇರಲಿ, ಪೆಟ್ರೋಲ್ ಬಂಕಿನ ಮೀಟರ್ ಒಂದೊಂದು ಒಂದೊಂದು ಹೇಳತ್ತೆ.

ಗಾಳಿ ಎಷ್ಟು ದೊಡ್ಡ ವಿಷಯ ಅನ್ನೋದಕ್ಕೆ 2025ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ಬುರಿರಾಮ್‌ನಲ್ಲಿ ನಡೆದ ಮೋಟೋಜಿಪಿ ಬೈಕ್ ರೇಸ್ ನೆನಪು ಮಾಡ್ಕೊಳ್ಳಿ. ಅಲ್ಲಿ ಮುಂದಿನ ಟೈರಲ್ಲಿ ಕನಿಷ್ಠ 1.8 ಬಾರ್, ಅಂದ್ರೆ ಸುಮಾರು 26 ಪಿಎಸ್‌ಐ ಇರ್ಬೇಕಿತ್ತು, ರೇಸಿನ ಶೇಕಡಾ 60 ಲ್ಯಾಪಲ್ಲಿ ಅದು ಇಲ್ದಿದ್ರೆ 16 ಸೆಕೆಂಡ್ ದಂಡ ಇತ್ತು. ಮುಂದೆ ಒಬ್ಬನೇ ಹೋಗ್ತಿದ್ದ ರೈಡರ್ ಮಾರ್ಕ್ ಮಾರ್ಕೆಸ್‌ನ ಟೈರಿಗೆ ತಂಪು ಗಾಳಿ ಬಡಿದು ಒತ್ತಡ ಸಾಲದೆ ಬಂತು. ಅವನು ಏಳನೇ ಲ್ಯಾಪಲ್ಲಿ ಬೇಕಂತಲೇ ನಿಧಾನ ಮಾಡಿ ತಮ್ಮ ಅಲೆಕ್ಸ್‌ನ ಮುಂದೆ ಬಿಟ್ಟು, ಅವನ ಗಾಡಿ ಬಿಸಿಯ ಹಿಂದೆ ಕೂತು ಟೈರ್ ಕಾಯಿಸ್ಕೊಂಡ, ಕೊನೆಯ ಕೆಲವು ಲ್ಯಾಪ್ ಉಳಿದಾಗ ದಾಟಿ ಗೆದ್ದ. ಟೈರಿನ ಬಿಸಿ ಮತ್ತು ಒತ್ತಡ ಬೇರೆ ಬೇರೆ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ.

ಸೆಷನ್ ಆದ್ಮೇಲೆ ಟೈರ್ ಮುಖಾನೂ ನೋಡಿ. ಮೇಲ್ಮೈ ಸಣ್ಣ ಮರಳು ಕಾಗದದ ಥರ ಒಂದೇ ಸಮ ಇದ್ರೆ ಆರಾಮ. ಆಳವಾಗಿ ಹರಿದಂಗೆ ಕಂಡ್ರೆ ಹೊರಗಿನ ಪದರ ಬಿಸಿಯಾಗಿ ಒಳಗಿನದು ತಣ್ಣಗಿರ್ಬಹುದು, ಗಾಳಿ ಮತ್ತು ಸಸ್ಪೆನ್ಶನ್ ಎರಡನ್ನೂ ಇನ್‌ಸ್ಟ್ರಕ್ಟರ್‌ಗೆ ತೋರಿಸಿ. ಪೂರ್ತಿ ಮಲಗಿಸದೆ ಅಂಚಲ್ಲಿ ನೆಲ ಮುಟ್ಟದೇ ಉಳಿದ ಪಟ್ಟಿ ಬಗ್ಗೆ ನಾಚಿಕೆ ಪಡೋದು ಬೇಡವೇ ಬೇಡ, ಅದನ್ನ ಅಳಿಸೋಕೆ ಅಂತ ಮಲಗಿಸಿ ಬಿದ್ದೋರನ್ನ ನೋಡಿದ್ದೀನಿ. ಹೊಸ ಟೈರಿನ ಮೇಲ್ಮೈ ನುಣುಪಾಗಿರತ್ತೆ, ಅದನ್ನ ಮನೆ ಹತ್ತಿರದ ರೋಡಲ್ಲೇ ನೂರೈವತ್ತು ಕಿಲೋಮೀಟರ್ ನಿಧಾನವಾಗಿ ಓಡಿಸಿ ಒರಟು ಮಾಡ್ಕೊಂಡು ಬನ್ನಿ, ಮತ್ತೆ ಪ್ರತಿ ಸೆಷನ್‌ನ ಮೊದಲ ಎರಡು ಲ್ಯಾಪ್ ಟೈರಿಗೆ ಬಿಟ್ಟುಬಿಡಿ, ಊಟ ಆದ್ಮೇಲಿನ ಸೆಷನ್‌ನಲ್ಲೂ ಅಷ್ಟೇ, ಒಂದು ಗಂಟೆ ನಿಂತಿದ್ರೆ ಅದು ಮತ್ತೆ ಆರಿಹೋಗಿರತ್ತೆ.

ಸಂಜೆ ಹೊರಡೋ ಮುಂಚೆ ಗಾಳಿ ವಾಪಸ್ ರೋಡ್ ಪ್ರೆಷರ್‌ಗೆ ತರೋದು ಮರೀಬೇಡಿ. ಕಮ್ಮಿ ಗಾಳಿಯಲ್ಲಿ ಹೈವೇ ಹತ್ತಿದ್ರೆ ಮೊದಲ ಗುಂಡಿಗೇ ರಿಮ್ ಬೆಂಡ್ ಆಗ್ಬಹುದು. ನಾನು ಬ್ಯಾಗಲ್ಲಿ ಚಿಕ್ಕ ಕಾಲು ಪಂಪ್ ಇಟ್ಕೊಂಡಿರ್ತೀನಿ, ಟೈರ್ ಪೂರ್ತಿ ತಣ್ಣಗಾಗೋವರೆಗೂ ಪಿಟ್‌ನಲ್ಲೇ ಕೂತು ಟೀ ಕುಡಿದು, ಆಮೇಲೆ ಅಳೆದು ತುಂಬಿ, ನಂಬರ್‌ಗಳನ್ನ ಅಲ್ಲೇ ಪುಸ್ತಕದಲ್ಲಿ ಬರ್ಕೋತೀನಿ: ತಾರೀಖು, ಹವಾ, ತಣ್ಣಗಿದ್ದಾಗ ಎಷ್ಟು, ಬಿಸಿಯಲ್ಲಿ ಎಷ್ಟು, ಗಾಡಿ ಹೇಗನ್ನಿಸ್ತು.