ವಿದೇಶದಲ್ಲಿ ಹಣ ಬಚ್ಚಿಟ್ಟವರಿಗೆ ದಂಡ ಸಾಕಾ, ಜೈಲೂ ಬೇಕಾ?

ತೆರಿಗೆ ತಪ್ಪಿಸಲು ವಿದೇಶದಲ್ಲಿ ಹಣ ಬಚ್ಚಿಟ್ಟವರನ್ನು ಏನು ಮಾಡಬೇಕು ಅನ್ನೋದರಲ್ಲಿ ನಮ್ಮ ಸರ್ಕಾರಗಳು ಯಾವತ್ತೂ ಒಂದೇ ಮಾತಿಗೆ ನಿಂತಿಲ್ಲ.

ವಿದೇಶಿ ಹಣದ ವಹಿವಾಟನ್ನು ನಿಯಂತ್ರಿಸುತ್ತಿದ್ದ 1973ರ ಫೆರಾ ಕಾಯ್ದೆಯಲ್ಲಿ ಲೆಕ್ಕಕ್ಕೆ ಸಿಗದಂತೆ ವಿದೇಶಿ ಹಣ ಇಟ್ಟುಕೊಂಡರೆ ಜೈಲಿತ್ತು. ಆಗ ಆದಾಯ ತೆರಿಗೆಯ ಗರಿಷ್ಠ ದರ ಶೇ. 97.75. ದೊಡ್ಡ ಸಂಪಾದನೆಯವರ ಕೊನೆಯ ನೂರು ರೂಪಾಯಿಯಲ್ಲಿ ಕೈಗೆ ಉಳಿಯುತ್ತಿದ್ದದ್ದು ಎರಡೂಕಾಲು ರೂಪಾಯಿ! ಆಮೇಲೆ ದರ ಇಳೀತು, ಬಚ್ಚಿಡೋದು ನಿಲ್ಲಲಿಲ್ಲ. 1997ರಲ್ಲಿ ವಿಡಿಐಎಸ್ ಯೋಜನೆ ಬಂತು. ಕಪ್ಪುಹಣ ಘೋಷಿಸಿ, ಶೇ. 30 ತೆರಿಗೆ ಕಟ್ಟಿ, ಕೇಸಿಲ್ಲ ಅಂದರು. ಸುಮಾರು 33,000 ಕೋಟಿ ರೂಪಾಯಿ ಹೊರಬಂತು. ಆದರೆ ಹಿಂದಿನ ವರ್ಷಗಳಲ್ಲಿ ನಿಯತ್ತಾಗಿ ಶೇ. 40ರವರೆಗೂ ಕಟ್ಟಿದವರಿಗೆ ಇದು ಅನ್ಯಾಯ ಅಲ್ವಾ? 2000ದಲ್ಲಿ ಫೆರಾ ಹೋಗಿ ಫೆಮಾ ಅನ್ನೋ ಹೊಸ ಕಾಯ್ದೆ ಜಾರಿಯಾಯಿತು, ಜೈಲಿನ ಜಾಗಕ್ಕೆ ದಂಡ ಬಂತು.

ಚಿತ್ರ ಬದಲಾಗಿದ್ದು 2008ರಲ್ಲಿ. ಯುರೋಪಿನ ಪುಟ್ಟ ದೇಶ ಲಿಕ್ಟನ್‌ಸ್ಟೈನ್‌ನ ಎಲ್‌ಜಿಟಿ ಬ್ಯಾಂಕಿನಿಂದ ಸೋರಿಕೆಯಾದ ಖಾತೆ ವಿವರವನ್ನು ಜರ್ಮನಿ ದುಡ್ಡು ಕೊಟ್ಟು ಕೊಂಡಿತು, ಅದರಲ್ಲಿದ್ದ ಭಾರತೀಯರ ಹೆಸರು ದೆಹಲಿಗೂ ಬಂತು. ಜರ್ಮನಿ ಜೊತೆಗಿನ ತೆರಿಗೆ ಒಪ್ಪಂದದ ಪ್ರಕಾರ ಇದು ಗುಟ್ಟು ಅಂತ ಸರ್ಕಾರ ಹೆಸರು ಹೇಳಲು ಒಪ್ಪಲಿಲ್ಲ. ಹಿರಿಯ ವಕೀಲ ರಾಮ್ ಜೇಠ್ಮಲಾನಿ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. 2011ರ ಜುಲೈನಲ್ಲಿ ಕೋರ್ಟು ವಿಶೇಷ ತನಿಖಾ ತಂಡ (ಎಸ್‌ಐಟಿ) ಮಾಡಿ ಅಂತ ಆದೇಶಿಸಿತು. ಅದು ರಚನೆಯಾಗಲು 2014ರ ಮೇ ಬರಬೇಕಾಯಿತು! ಮೂರು ವರ್ಷ ಸುಮ್ನೆ ಹೋಯಿತು.

2015ರ ಕಪ್ಪುಹಣ ಕಾಯ್ದೆ ಮತ್ತೆ ಜೈಲು ತಂತು. ಬಚ್ಚಿಟ್ಟ 1 ಕೋಟಿ ಸಿಕ್ಕರೆ ತೆರಿಗೆ 30 ಲಕ್ಷ, ದಂಡ 90 ಲಕ್ಷ, ಅಂದರೆ ಇಟ್ಟದ್ದಕ್ಕಿಂತ ಕಟ್ಟೋದೇ ಜಾಸ್ತಿ. ಬೇಕಂತಲೇ ತಪ್ಪಿಸಿದ್ದರೆ 3ರಿಂದ 10 ವರ್ಷ ಜೈಲು. ನನಗೆ ಇದು ಸರಿ ಅನಿಸುತ್ತದೆ. ಬರೀ ದಂಡ ಅಂದರೆ ಶ್ರೀಮಂತರಿಗೆ ಅದು ಖರ್ಚಿನ ಲೆಕ್ಕ ಅಷ್ಟೇ. ಸಿಕ್ಕಿಬಿದ್ದರೆ ಕಟ್ಟಿದರಾಯಿತು ಅಂತ ಕೂರುತ್ತಾರೆ, ಇಲ್ಲಾಂದ್ರೆ ಮುಂದಿನ ಮಾಫಿಗೆ ಕಾಯುತ್ತಾರೆ.

ಆದರೆ ಇದೇ ಕಾಯ್ದೆ ಬೆಂಗಳೂರಿನ ಐಟಿ ನೌಕರರನ್ನೂ ಹಿಡಿಯಿತು. ಸಂಬಳದ ಜೊತೆ ಅಮೆರಿಕದ ಕಂಪನಿಯ ಷೇರು ಸಿಕ್ಕಿರುತ್ತದೆ, ಅದಕ್ಕೆ ಇಲ್ಲೇ ಸಂಬಳದಲ್ಲೇ ತೆರಿಗೆ (ಟಿಡಿಎಸ್) ಕಟ್ಟಾಗಿರುತ್ತದೆ, ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಷೆಡ್ಯೂಲ್ ಎಫ್‌ಎಯಲ್ಲಿ ಬರೆಯೋದು ಮಾತ್ರ ಮರೆತಿರುತ್ತಾರೆ. ಅದಕ್ಕೂ 10 ಲಕ್ಷ ದಂಡ ಬೀಳಬಹುದಿತ್ತು. ಎಲ್ಲೋ ದ್ವೀಪದಲ್ಲಿ ಕಾಗದದ ಕಂಪನಿ ಕಟ್ಟಿ ಬೇರೆಯವರ ಹೆಸರಲ್ಲಿ ಹಣ ಇಟ್ಟವನಿಗೂ ಇವರಿಗೂ ಹೋಲಿಕೆಯೇ ಇಲ್ಲ. 2024ರ ಅಕ್ಟೋಬರ್‌ನಿಂದ, ಸ್ಥಿರಾಸ್ತಿ ಬಿಟ್ಟು 20 ಲಕ್ಷದವರೆಗಿನ ವಿದೇಶಿ ಆಸ್ತಿಗೆ ಈ ದಂಡ ತೆಗೆದಿದ್ದಾರೆ. ಇತ್ತ 2019ರಿಂದ ಸ್ವಿಟ್ಜರ್ಲೆಂಡ್ ಪ್ರತಿ ವರ್ಷ ಭಾರತೀಯರ ಖಾತೆ ವಿವರ ತಾನಾಗಿ ಕಳಿಸುತ್ತಿದೆ, ಹಾಗಾಗಿ ಮಾಹಿತಿ ಸಿಗಲ್ಲ ಅನ್ನೋ ಹಳೇ ನೆಪ ಈಗ ನಡೆಯಲ್ಲ.