ಪುಷ್ಪಗಿರಿಯಾಚೆಯ ಎಡಕುಮೇರಿ: ಹಳಿ ಕಾಯಲೆಂದೇ ಹುಟ್ಟಿದ ಊರು

ಕೊಡಗಿನಲ್ಲಿ ಗೇಣುದ್ದದ ರೈಲು ಹಳಿಯೂ ಇಲ್ಲ. ಮಡಿಕೇರಿಯವರು ರೈಲು ಹತ್ತಲು ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೋ, ಹಾಸನಕ್ಕೋ, ಘಟ್ಟ ಇಳಿದು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಕ್ಕೋ ಹೋಗಬೇಕು. ರೈಲು ಬೇಕೋ ಬೇಡವೋ ಎಂಬ ಚರ್ಚೆ ಎದ್ದಾಗಲೆಲ್ಲ ಕಾಡು, ಆನೆ, ಕಾಫಿ ತೋಟದ ಮಾತು ಬರುತ್ತದೆ. ಹಾಕಿದ ಹಳಿಯನ್ನು ಮಳೆಗಾಲದಲ್ಲಿ ಕಾಯುವವರ ಮಾತು ಬರುವುದಿಲ್ಲ. ಆ ಲೆಕ್ಕ ತಿಳಿಯಬೇಕಾದರೆ ಸೋಮವಾರಪೇಟೆ ಕಡೆಯ ಗಡಿ ದಾಟಿ, ಪುಷ್ಪಗಿರಿ ಬೆಟ್ಟದ ಉತ್ತರಕ್ಕೆ ಸಕಲೇಶಪುರ ತಾಲ್ಲೂಕಿನ ಕಾಡಿನಲ್ಲಿರುವ ಎಡಕುಮೇರಿಯನ್ನು ನೋಡಬೇಕು.

ಹಾಸನ–ಮಂಗಳೂರು ಮೀಟರ್‌ಗೇಜ್ (ಕಿರಿದಾದ ಹಳಿಯ) ಮಾರ್ಗ 1979ರಲ್ಲಿ ತೆರೆಯಿತು. ಅದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದ ಭಾಗ: 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, 50 ಮೀಟರ್ ಸಾಗಿದರೆ 1 ಮೀಟರ್ ಇಳಿಯುವ ಕಡಿದಾದ ಹಾದಿ. ಒಂಟಿ ಹಳಿಯಾದ್ದರಿಂದ ಎದುರುಬದುರು ಬರುವ ಗಾಡಿಗಳು ದಾಟಿಕೊಳ್ಳಲು ನಡುವೆ ನಿಲ್ದಾಣಗಳು ಬೇಕೇ ಬೇಕು. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಹುಟ್ಟಿದ್ದು ಹೀಗೆ. ಟಿಕೆಟ್ ಕೊಳ್ಳುವ ಜನರನ್ನು ನಂಬಿ ಕಟ್ಟಿದ ನಿಲ್ದಾಣಗಳಲ್ಲ ಇವು. ಸ್ಟೇಷನ್ ಮಾಸ್ಟರ್, ಗಾಡಿಯ ಹಳಿ ಬದಲಿಸುವ ಪಾಯಿಂಟ್ಸ್‌ಮನ್, ಹಳಿ ದುರಸ್ತಿಯ ತಂಡದ ಗ್ಯಾಂಗ್‌ಮನ್‌ಗಳೇ ಎಡಕುಮೇರಿಯ ಊರು. ಡಾಂಬರು ರಸ್ತೆ ಇಲ್ಲದ ಅಲ್ಲಿಗೆ ಅಕ್ಕಿ, ಬೇಳೆ, ಔಷಧಿ ಎಲ್ಲವೂ ರೈಲಿನಲ್ಲೇ ಬರಬೇಕು.

ಕೆಲಸ ಶುರುವಾಗುವುದು ಕೀಮನ್‌ನಿಂದ. ತನ್ನ ಪಾಲಿನ ಹಳಿಯುದ್ದಕ್ಕೂ ದಿನವೂ ನಡೆದು, ಸಡಿಲಾದ ಕ್ಲಿಪ್‌ಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾನೆ, ಹಳಿಯಲ್ಲಿ ಬಿರುಕಿದೆಯೇ ನೋಡುತ್ತಾನೆ. ಮಳೆಗಾಲದಲ್ಲಿ ಇದರ ಮೇಲೆ ರಾತ್ರಿ ಗಸ್ತು. ಬರೆ, ಅಂದರೆ ಗುಡ್ಡ ಕಡಿದ ಇಳಿಜಾರು, ಕುಸಿದು ಮಣ್ಣು ಹಳಿಗೆ ಬಿದ್ದಿದ್ದರೆ, ಗಾಡಿ ಬರುವ ದಿಕ್ಕಿಗೆ ಕೆಂಪು ದೀಪ ತೋರಿಸುತ್ತಾ ಓಡಬೇಕು. ಈಗಿರುವ ಬ್ರಾಡ್‌ಗೇಜ್‌ನಲ್ಲಿ (ಅಗಲ ಹಳಿಯಲ್ಲಿ) ಕುಸಿದ ಜಾಗದಿಂದ 600 ಮೀಟರ್ ದೂರದಲ್ಲಿ ಒಂದು ಪಟಾಕಿ, 1200 ಮೀಟರ್ ದೂರದಲ್ಲಿ ಹತ್ತತ್ತು ಮೀಟರ್ ಬಿಟ್ಟು ಮೂರು ಪಟಾಕಿ ಹಳಿಗೆ ಕಟ್ಟಬೇಕು. ಚಕ್ರ ಹತ್ತಿದೊಡನೆ ಅವು ಸಿಡಿಯುತ್ತವೆ, ಚಾಲಕ ಬ್ರೇಕ್ ಹಾಕುತ್ತಾನೆ. ತಿರುವು, ಸುರಂಗ, ಮಂಜು ಮೂರೂ ಸೇರಿದ ಕಡೆ ದೀಪವನ್ನಷ್ಟೇ ನಂಬಿ ಕೂರುವಂತಿಲ್ಲ.

ಬರೆ ಕುಸಿಯುವುದೇಕೆ ಎಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಗುಡ್ಡ ಕಡಿದ ಮೇಲ್ಭಾಗದಲ್ಲಿ ನೀರು ತಡೆದು ಬೇರೆಡೆ ಸಾಗಿಸುವ ಚರಂಡಿ ಇರುತ್ತದೆ. ಅದರಲ್ಲಿ ತರಗೆಲೆ, ಮಣ್ಣು ತುಂಬಿಕೊಂಡರೆ ನೀರು ಗುಡ್ಡದೊಳಕ್ಕೆ ಇಳಿಯುತ್ತದೆ. ನೆನೆದ ಮಣ್ಣು ತೂಕ ಹೆಚ್ಚಿಸಿಕೊಂಡು, ಹಿಡಿತ ಕಳೆದುಕೊಂಡು ಜಾರುತ್ತದೆ. ತಡೆಗೋಡೆ ಎಷ್ಟೇ ಗಟ್ಟಿಯಿರಲಿ, ಅದರಲ್ಲಿ ನೀರು ಬಸಿಯುವ ತೂತುಗಳು ಮುಚ್ಚಿದ್ದರೆ ಹಿಂದಿನಿಂದ ಒತ್ತಡ ಬಿದ್ದು ಗೋಡೆಯೇ ಕುಸಿದು ಬರುತ್ತದೆ. ಕೋಟಿಗಟ್ಟಲೆ ಸುರಿದು ಗೋಡೆ ಕಟ್ಟುವುದಕ್ಕಿಂತ ಮೇ ತಿಂಗಳಲ್ಲಿ ಚರಂಡಿ ಬಿಡಿಸುವುದು ಮೊದಲಾಗಬೇಕು, ಆದರೆ ಆ ಕೆಲಸ ಫೋಟೊದಲ್ಲಿ ಕಾಣುವುದಿಲ್ಲ. ಕೊಡಗಿನ ಮಕ್ಕಂದೂರು, ಜೋಡುಪಾಲ ಕುಸಿದ 2018ರ ಆಗಸ್ಟ್ ಮಳೆಯಲ್ಲೇ ಈ ಹಳಿಯೂ ವಾರಗಟ್ಟಲೆ ನಿಂತಿತು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಮತ್ತೆ ಕುಸಿಯಿತು.

ನಡುವೆ ಇನ್ನೊಂದು ಅಧ್ಯಾಯವಿದೆ. ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ಗಾಡಿ ನಿಲ್ಲಿಸಿದರು. ಸರಕು ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರ್‌ನಲ್ಲಿ. ಗಾಡಿಯಿಲ್ಲದ ಹಳಿ ಚಾರಣಿಗರ ಹಾದಿಯಾಯಿತು, ಎಡಕುಮೇರಿಯ ಹೆಸರು ಹೊರಗೆ ಹಬ್ಬಿದ್ದೂ ಅವರಿಂದಲೇ. ಈಗ ಅಲ್ಲಿ ನಡೆದರೆ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಮೈಸೂರು ಬಳಿಯ ಬೆಳಗೊಳದಿಂದ ಕುಶಾಲನಗರಕ್ಕೆ ಸುಮಾರು 87 ಕಿಲೋಮೀಟರ್ ಮಾರ್ಗದ ಪ್ರಸ್ತಾವ ಬಯಲುಸೀಮೆಯ ಅಂಚಿನಲ್ಲೇ ನಿಲ್ಲುವುದರಿಂದ ಈ ಪಾಡು ಅದಕ್ಕಿಲ್ಲ. ಅದನ್ನೇ ಮಡಿಕೇರಿಗೆ ಎಳೆಯುವುದಾದರೆ ಸುಮಾರು 300 ಮೀಟರ್ ಏರಬೇಕು. ಐವತ್ತಕ್ಕೊಂದರ ಲೆಕ್ಕದಲ್ಲಿ ಆ ಏರಿಗೇ ಕನಿಷ್ಠ 15 ಕಿಲೋಮೀಟರ್ ಹಳಿ, ಅಷ್ಟುದ್ದಕ್ಕೂ ಚರಂಡಿ, ಗಸ್ತು, ಗ್ಯಾಂಗ್ ಬೇಕು.